ರಾತ್ರಿಯ ಅಡುಗೆ: ಒಂದು ಎಸರು, ಒಂದು ಸಾರು

ಈ ಬಾರಿ ಬಂದ ಪತ್ರಗಳಲ್ಲಿ ಹಬ್ಬದಡುಗೆಯ ಬಗ್ಗೆ ಕೇಳಿದವು ಕಡಿಮೆ. ಸಂಜೆ ಮನೆಯೊಳಗೆ ಕಾಲಿಟ್ಟ ಕೂಡಲೇ ಎದುರಾಗುವ ‘ರಾತ್ರಿಗೆ ಏನು ಮಾಡುವುದು?’ ಎಂಬ ಒಂದೇ ಪ್ರಶ್ನೆಯನ್ನು ಹಲವರು ಹಲವು ಬಗೆಯಲ್ಲಿ ಕೇಳಿದ್ದಾರೆ. ಆದ್ದರಿಂದ ಈ ಸಂಚಿಕೆಯ ಪುಟವನ್ನು ಪೂರ್ತಿಯಾಗಿ ರಾತ್ರಿಯ ಮನೆಯೂಟಕ್ಕೇ ಮೀಸಲಿಟ್ಟಿದ್ದೇನೆ. ಅಳತೆಗಳೆಲ್ಲ ನಾಲ್ಕು ಜನರ ಲೆಕ್ಕದವು. ಬೇರೆ ಅಳತೆ ಇರುವಲ್ಲಿ ಅದನ್ನು ಹೇಳಿದ್ದೇನೆ.

ಪ್ರಶ್ನೆ: ನಾನು ಕಚೇರಿಯಿಂದ ಮನೆ ಸೇರುವಾಗ ಏಳೂವರೆ ಆಗಿರುತ್ತದೆ. ಮಕ್ಕಳಿಬ್ಬರಿಗೆ ಖಾರ ಆಗುವುದಿಲ್ಲ, ಮಾವನವರಿಗೆ ಖಾರವಿಲ್ಲದೆ ತುತ್ತು ಇಳಿಯುವುದಿಲ್ಲ. ಹೀಗಾಗಿ ಎರಡೆರಡು ಅಡುಗೆ ಮಾಡಿ ಸಾಕಾಗಿದೆ. ಕೊನೆಗೆ ದಿನವೂ ಅದೇ ಬೇಳೆಸಾರು ಮಾಡುತ್ತೇನೆ, ಅದನ್ನೇ ಬಡಿಸಲು ನಾಚಿಕೆಯಾಗುತ್ತದೆ. ಸುಲಭವಾದ ಬೇರೆ ದಾರಿ ಇದೆಯೇ? (ತುಮಕೂರಿನ ಓದುಗರು)

ಉತ್ತರ: ಮೊದಲು ಆ ನಾಚಿಕೆಯನ್ನು ಬಿಟ್ಟುಬಿಡಿ. ನಮ್ಮ ಕಡೆಯ ಮನೆಗಳಲ್ಲಿ ರಾತ್ರಿಯ ಊಟವೆಂದರೆ ಹಿಂದಿನಿಂದಲೂ ಒಂದು ಮುದ್ದೆ ಅಥವಾ ಅನ್ನ, ಅದರ ಮೇಲೆ ಬಿಸಿಯಾದ ಒಂದು ಸಾರು, ಇಷ್ಟೇ. ದಿನಕ್ಕೊಂದು ಹೊಸ ಅಡುಗೆಯನ್ನು ಹುಡುಕುವ ಹೊರೆ ಆ ಅಡುಗೆಮನೆಗಳ ಮೇಲೆ ಇರಲಿಲ್ಲ. ಸಾರಿಗೆ ಬೀಳುವ ಸೊಪ್ಪು ಮತ್ತು ಕಾಳು ಬದಲಾಗುತ್ತಿದ್ದವು, ರುಚಿಯೂ ಅವುಗಳ ಜೊತೆಗೆ ಬದಲಾಗುತ್ತಿತ್ತು. ಆ ಕ್ರಮವನ್ನು ನೀವು ಹಿಡಿದರೆ ನಿಮ್ಮ ಎರಡು ತೊಂದರೆಗಳೂ ಒಟ್ಟಿಗೆ ತೀರುತ್ತವೆ.

ಎರಡೆರಡು ಅಡುಗೆಯ ಕಷ್ಟಕ್ಕೆ ಮಂಡ್ಯ, ಮೈಸೂರು ಸೀಮೆಯ ಉಪ್ಪುಸಾರಿಗಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ. ಮುಕ್ಕಾಲು ಲೋಟ ತೊಗರಿಬೇಳೆಯನ್ನಾಗಲಿ ನೆನೆಸಿದ ಅಲಸಂದೆ ಕಾಳನ್ನಾಗಲಿ ಸಾಕಷ್ಟು ನೀರಿನಲ್ಲಿ ಬೇಯಲು ಇಟ್ಟು, ಅದು ಮುಕ್ಕಾಲು ಭಾಗ ಬೆಂದಾಗ ಹೆಚ್ಚಿದ 2 ಕಟ್ಟು ದಂಟಿನ ಸೊಪ್ಪನ್ನೂ ಉಪ್ಪನ್ನೂ ಹಾಕಿ, ಸೊಪ್ಪು ಮೆತ್ತಗಾದ ಮೇಲೆ ನೀರನ್ನು ಬಸಿದುಕೊಳ್ಳಬೇಕು. ಹೀಗೆ ಬಸಿದ ನೀರಿಗೆ ಕಟ್ಟು ಎನ್ನುತ್ತಾರೆ, ಆ ಕಟ್ಟೇ ಸಾರು. ಖಾರವನ್ನು ಅದಕ್ಕೆ ಬೆರೆಸದೆ ಬೇರೆಯಾಗಿ ಅರೆದಿಡುತ್ತಾರೆ: ಬಾಣಲೆಯಲ್ಲಿ ಬಾಡಿಸಿದ 8 ಹಸಿಮೆಣಸಿನಕಾಯಿ, 6 ಎಸಳು ಬೆಳ್ಳುಳ್ಳಿ, 1 ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಸ್ವಲ್ಪ ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು ಮತ್ತು ಉಪ್ಪು. ತಟ್ಟೆಯ ಬದಿಯಲ್ಲಿ ಈ ಖಾರವನ್ನು ಇಟ್ಟುಕೊಂಡು, ಕಟ್ಟಿಗೆ ಬೇಕಾದಷ್ಟನ್ನು ಕಲಸಿಕೊಂಡು ಉಣ್ಣುವುದು ವಾಡಿಕೆ. ಮಕ್ಕಳು ಬರಿಯ ಕಟ್ಟಿಗೆ ಒಂದು ಹನಿ ತುಪ್ಪ ಬಿಟ್ಟುಕೊಂಡು ತಿನ್ನಲಿ, ಮಾವನವರು ಮೂರು ಚಮಚ ಖಾರ ಹಾಕಿಕೊಳ್ಳಲಿ, ನೀವು ಮಾಡಿದ್ದು ಮಾತ್ರ ಒಂದೇ ಅಡುಗೆ. ಬಸಿದು ಉಳಿದ ಬೇಳೆ ಮತ್ತು ಸೊಪ್ಪಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಒಂದು ಹಿಡಿ ಕಾಯಿತುರಿ ಉದುರಿಸಿದರೆ ಪಲ್ಯವೂ ಆಯಿತು. ಅರೆದ ಖಾರವನ್ನು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ, ಹೀಗಾಗಿ ಎರಡನೆಯ ಸಲಕ್ಕೆ ಅರೆಯುವ ಕೆಲಸವೂ ಇರುವುದಿಲ್ಲ.

ಇದೇ ಕಟ್ಟಿನಿಂದ ಬಸ್ಸಾರು ಮಾಡುವ ಮನಸ್ಸಾದರೆ, 1 ಈರುಳ್ಳಿ ಮತ್ತು 6 ಎಸಳು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಅದಕ್ಕೆ ಜೀರಿಗೆ, ಕಾಳುಮೆಣಸು, ಕಾಲು ಲೋಟ ಕಾಯಿತುರಿ, 2 ಚಮಚ ಸಾರಿನ ಪುಡಿ, ಹುಣಸೆಹಣ್ಣು ಮತ್ತು ಬೆಂದ ಬೇಳೆ-ಸೊಪ್ಪಿನಿಂದಲೇ ತೆಗೆದ ಒಂದು ಸೌಟನ್ನು ಸೇರಿಸಿ ನುಣ್ಣಗೆ ಅರೆಯಿರಿ. ಅರೆದದ್ದನ್ನು ಕಟ್ಟಿಗೆ ಬೆರೆಸಿ ಐದಾರು ನಿಮಿಷ ಕುದಿಸಿ, ಒಗ್ಗರಣೆ ಕೊಡಿ. ಆ ಒಂದು ಸೌಟು ಬೇಳೆ-ಸೊಪ್ಪನ್ನು ಅರೆಯದೆ ಬಿಟ್ಟವರ ಬಸ್ಸಾರು ನೀರಾಗಿ, ಮಸಾಲೆ ಒಂದು ಕಡೆ, ಕಟ್ಟು ಒಂದು ಕಡೆ ಎಂಬಂತಿರುತ್ತದೆ. ಇನ್ನೊಂದು ಎಚ್ಚರಿಕೆಯ ಮಾತೆಂದರೆ, ಬೇಳೆಯನ್ನು ಕುಕ್ಕರಿನಲ್ಲಿ ಮೂರು ನಾಲ್ಕು ಸಲ ಕೂಗಿಸಿ ಕರಗಿಸಬಾರದು. ಬೇಳೆ ಕರಗಿದರೆ ಬಸಿಯಲು ಏನೂ ಉಳಿಯುವುದಿಲ್ಲ, ಪಲ್ಯವೆಂದು ಒಗ್ಗರಿಸಿದ್ದು ತೊವ್ವೆಯಾಗುತ್ತದೆ. ಅರ್ಧ ಗಂಟೆ ನೆನೆದ ಬೇಳೆಗೆ ತೆರೆದ ಪಾತ್ರೆಯೇ ಸಾಕು. ಬಸ್ಸಾರನ್ನು ತುಸು ಹೆಚ್ಚಾಗಿಯೇ ಮಾಡಿ, ಚೆನ್ನಾಗಿ ಕುದಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಮರುದಿನ ಕಾಯಿಸಿದ ಬಸ್ಸಾರಿನ ರುಚಿ ಮೊದಲ ದಿನದ್ದಕ್ಕಿಂತ ಮೇಲೆಂದು ಹೇಳುವವರ ಸಾಲಿನಲ್ಲಿ ನಾನೂ ಇದ್ದೇನೆ.

ಬೇಳೆ ಬೇಯಿಸುವಷ್ಟೂ ಬಿಡುವಿಲ್ಲದ ದಿನಕ್ಕೆ ಮಜ್ಜಿಗೆಹುಳಿ ಇದೆ. ಬೂದುಗುಂಬಳದ ಹೋಳುಗಳು ಬೇಯುವಷ್ಟರಲ್ಲಿ, ಬೆಳಿಗ್ಗೆ ನೆನೆಸಿ ಫ್ರಿಜ್ಜಿನಲ್ಲಿಟ್ಟ 1 ದೊಡ್ಡ ಚಮಚ ಕಡಲೆಬೇಳೆ, ಅರ್ಧ ಲೋಟ ಕಾಯಿತುರಿ, ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿ ಮತ್ತು ಕೊತ್ತಂಬರಿ ಸೊಪ್ಪನ್ನು ಅರೆದು, ಬೆಂದ ಹೋಳಿಗೆ ಹಾಕಿ ಕುದಿಸಬೇಕು. ಹಸಿವಾಸನೆ ಹೋದ ಮೇಲೆ ಉರಿ ತಗ್ಗಿಸಿ, ಕಡೆದ ಹುಳಿಮೊಸರನ್ನು ಸೇರಿಸಿ, ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದಂತೆ ಇಳಿಸಿಬಿಡಬೇಕು, ಹೆಚ್ಚು ಕುದಿದರೆ ಮೊಸರು ಒಡೆಯುತ್ತದೆ. ಅನ್ನಕ್ಕೆ ಇಟ್ಟ ಕುಕ್ಕರ್ ಇಳಿಯುವ ಹೊತ್ತಿಗೆ ಇದೂ ಸಿದ್ಧವಾಗಿರುತ್ತದೆ. ವಾರಕ್ಕೆ ಎರಡು ದಿನ ಉಪ್ಪುಸಾರು ಅಥವಾ ಬಸ್ಸಾರು, ಒಂದು ದಿನ ಮಜ್ಜಿಗೆಹುಳಿ, ಉಳಿದ ದಿನಗಳಲ್ಲಿ ನೀವು ಈಗ ಮಾಡುತ್ತಿರುವ ಬೇಳೆಸಾರು. ಅದನ್ನು ಧೈರ್ಯವಾಗಿ ಬಡಿಸಿ.

ಪ್ರಶ್ನೆ: ನನ್ನ ಮಗ ಮೊದಲ ಬಾರಿಗೆ ಮನೆ ಬಿಟ್ಟು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅವನ ಕೋಣೆಯಲ್ಲಿ ಒಂದು ಇಂಡಕ್ಷನ್ ಒಲೆ ಮಾತ್ರ ಇದೆ. ದಿನವೂ ಹೊರಗಿನಿಂದ ತರಿಸಿ ತಿನ್ನುತ್ತಾನೆಂದು ಚಿಂತೆಯಾಗಿದೆ. ಅಡುಗೆ ಬಾರದವನಿಗೆ ಏನು ಕಲಿಸಲಿ? (ಧಾರವಾಡದ ಓದುಗರು)

ಉತ್ತರ: ಕಲಿಸುವ ಮೊದಲು ಅವನ ಪಾತ್ರೆಗಳನ್ನು ನೋಡಿ. ಇಂಡಕ್ಷನ್ ಒಲೆಯ ಮೇಲೆ ಅಯಸ್ಕಾಂತಕ್ಕೆ ಅಂಟುವ, ತಳ ಸಮತಟ್ಟಾದ ಪಾತ್ರೆ ಮಾತ್ರ ಕಾಯುತ್ತದೆ. ಮನೆಯಿಂದ ಕಟ್ಟಿಕೊಟ್ಟ ಹಳೆಯ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗದ ಕಾರಣಕ್ಕೇ ಎಷ್ಟೋ ಹುಡುಗರು ಮೊದಲ ವಾರದಲ್ಲಿ ಅಡುಗೆಯ ಆಸೆಯನ್ನು ಬಿಡುತ್ತಾರೆ. ಮೂರು ಲೀಟರಿನ, ಇಂಡಕ್ಷನ್ನಿಗೆ ಒಗ್ಗುವ ಒಂದು ಸ್ಟೀಲ್ ಕುಕ್ಕರ್ ಮತ್ತು ಒಂದು ಬಾಣಲೆ ಇದ್ದರೆ ಸಾಕು.

ಅವನಿಗೆ ಮೊದಲು ಕಲಿಸಬೇಕಾದದ್ದು ಖಾರದ ಹುಗ್ಗಿ. ನಿಮ್ಮ ಕಡೆ ಹುಗ್ಗಿ ಎಂದರೆ ಗೋಧಿಯ ಸಿಹಿ ಎಂದು ಬಲ್ಲೆ. ಹಳೆಯ ಮೈಸೂರು ಸೀಮೆಯಲ್ಲಿ ಅಕ್ಕಿ ಮತ್ತು ಹೆಸರುಬೇಳೆಯನ್ನು ಒಟ್ಟಿಗೆ ಬೇಯಿಸಿದ, ಮೆಣಸು ಜೀರಿಗೆಯ ಊಟಕ್ಕೂ ಅದೇ ಹೆಸರು, ಹೋಟೆಲುಗಳಲ್ಲಿ ಪೊಂಗಲ್ ಎನ್ನುತ್ತಾರೆ. ಒಬ್ಬನಿಗೆ ಕಾಲು ಲೋಟ ಅಕ್ಕಿ ಮತ್ತು ಅದಕ್ಕೆ ತುಸು ಕಡಿಮೆ ಹೆಸರುಬೇಳೆ ಸಾಕು. ಕುಕ್ಕರಿನಲ್ಲಿಯೇ ಒಂದು ಚಮಚ ತುಪ್ಪ ಕಾಯಿಸಿ, ಜೀರಿಗೆ, ಜಜ್ಜಿದ ಕಾಳುಮೆಣಸು, ಶುಂಠಿ ಮತ್ತು ಕರಿಬೇವನ್ನು ಹಾಕಿ, ಬೇಳೆಯನ್ನು ಘಮ್ಮೆನ್ನುವವರೆಗೆ ಹುರಿದು, ತೊಳೆದ ಅಕ್ಕಿ, ಅರಿಸಿನ, ಉಪ್ಪು ಮತ್ತು ಎರಡು ಲೋಟ ನೀರು ಸೇರಿಸಿ ನಾಲ್ಕು ಕೂಗು ಕೂಗಿಸಬೇಕು. ಹಬೆ ತಾನಾಗಿ ಇಳಿಯುವ ತನಕ ಮುಚ್ಚಳ ತೆಗೆಯಬಾರದು ಎಂಬುದನ್ನು ಫೋನಿನಲ್ಲಿ ಎರಡು ಸಲ ಹೇಳಿ. ಹೊಸಬರು ಹಸಿವಿನ ಅವಸರದಲ್ಲಿ ತಪ್ಪುವುದು ಇಲ್ಲಿಯೇ, ಮತ್ತು ಕೈ ಸುಟ್ಟುಕೊಳ್ಳುವುದೂ ಇಲ್ಲಿಯೇ.

ಎರಡನೆಯದು ಅವನು ಹುಟ್ಟಿದಂದಿನಿಂದ ತಿಂದ ಝುಣಕ. ಅರ್ಧ ಲೋಟ ಕಡಲೆಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆಗೆ ಸುರಿದು, ಕೈ ಬಿಡದೆ ತಿರುವಿ, ಗಟ್ಟಿಯಾದ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ ಐದು ನಿಮಿಷ ಬಿಟ್ಟರೆ ಆಯಿತು. ಜೋಳದ ರೊಟ್ಟಿ ತಟ್ಟುವುದನ್ನು ಅವನಿಂದ ಈಗಲೇ ನಿರೀಕ್ಷಿಸಬೇಡಿ. ಖಡಕ್ ರೊಟ್ಟಿ ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ಬೆಂಗಳೂರಿನಲ್ಲಿಯೂ ಸಿಗುತ್ತದೆ. ನೀವು ಕಳಿಸುವ ಗಂಟಿನಲ್ಲಿ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮತ್ತು ಅಗಸಿ ಪುಡಿ ಇರಲಿ. ರೊಟ್ಟಿ, ಪುಡಿ, ಮೊಸರು ಮತ್ತು ಒಂದು ಹಸಿ ಸೌತೆಕಾಯಿ ಸೇರಿದರೆ ಒಲೆ ಹಚ್ಚದೆಯೇ ಹೊಟ್ಟೆ ತುಂಬುವ ಊಟವಾಗುತ್ತದೆ. ಅಮ್ಮನ ಕೈಯ ಪುಡಿ ಡಬ್ಬಿಯಲ್ಲಿದೆ ಎಂಬುದೇ ಅವನು ಹೊರಗಿನಿಂದ ತರಿಸದಿರಲು ದೊಡ್ಡ ಕಾರಣವಾಗುತ್ತದೆ ಎಂದು ನಂಬಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ಹಲ್ಲುಗಳಿಲ್ಲ, ಬಾಯಿರುಚಿಯೂ ಇಲ್ಲ. ರಾತ್ರಿ ಎರಡು ತುತ್ತು ತಿಂದು ಸಾಕೆನ್ನುತ್ತಾರೆ. ಅವರಿಗೆ ಹಿತವಾಗುವಂಥದ್ದು ಏನಾದರೂ ತಿಳಿಸಿ. (ಹೊಸಪೇಟೆಯ ಓದುಗರು)

ಉತ್ತರ: ವಯಸ್ಸಾದಂತೆ ನಾಲಿಗೆ ಮತ್ತು ಮೂಗಿನ ಸೂಕ್ಷ್ಮತೆ ಕುಗ್ಗುವುದರಿಂದ ಸಪ್ಪೆಯಾದ ಮೆತ್ತನೆಯ ಊಟ ಅವರಿಗೆ ಊಟವೆಂದೇ ಅನ್ನಿಸುವುದಿಲ್ಲ. ವಯಸ್ಸಾದವರೆಂದು ನಾವು ಎಲ್ಲವನ್ನೂ ಸಪ್ಪೆ ಮಾಡಿ ಕೊಡುತ್ತೇವೆ, ಅವರು ತಟ್ಟೆಯನ್ನು ದೂಡುತ್ತಾರೆ. ಉಪ್ಪು ಖಾರವನ್ನು ಹೆಚ್ಚಿಸದೆ ಘಮವನ್ನೂ ತುಸು ಹುಳಿಯನ್ನೂ ಹೆಚ್ಚಿಸುವುದು ಇದಕ್ಕೆ ಉಪಾಯ. ಒಡೆದ ಅಕ್ಕಿ ಅರ್ಧ ಲೋಟ, ಹುರಿದ ಹೆಸರುಬೇಳೆ ಎರಡು ಚಮಚ, ಆರು ಲೋಟ ನೀರು, ಅರ್ಧ ಚಮಚ ಜೀರಿಗೆ ಸೇರಿಸಿ, ಅಕ್ಕಿ ಅರಳಿ ಕರಗುವವರೆಗೆ ಬೇಯಿಸಿದ ಗಂಜಿಗೆ, ಬಡಿಸುವ ಹೊತ್ತಿಗೆ ಸರಿಯಾಗಿ, ತುಪ್ಪದಲ್ಲಿ ಇಂಗು ಮತ್ತು ಜೀರಿಗೆಯ ಒಗ್ಗರಣೆಯನ್ನು ಅವರ ಎದುರಿಗೇ ಹಾಕಿ. ಒಗ್ಗರಣೆಯ ಘಮವೇ ಅವರನ್ನು ತಟ್ಟೆಯ ಮುಂದೆ ಕೂರಿಸುತ್ತದೆ.

ಇದರ ಜೊತೆಗೆ ಮಲೆನಾಡಿನ ತಂಬುಳಿಯನ್ನು ಮಾಡಿನೋಡಿ. ಹತ್ತು ಹನ್ನೆರಡು ದೊಡ್ಡಪತ್ರೆ ಎಲೆಗಳನ್ನು ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಎರಡು ದೊಡ್ಡ ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ಅರೆದು, ಒಂದು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ತಂಬುಳಿ ಸಿದ್ಧ, ಇದನ್ನು ಕುದಿಸುವುದಿಲ್ಲ. ದೊಡ್ಡಪತ್ರೆ ಸಿಗದಿದ್ದರೆ ಒಂದು ಚಿಟಿಕೆ ಹುರಿದ ಮೆಂತ್ಯದಿಂದಲೂ ಆಗುತ್ತದೆ. ರಾತ್ರಿ ಮಜ್ಜಿಗೆ ಒಗ್ಗದವರಿಗೆ ಇದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು, ರಾತ್ರಿ ಮೆಣಸಿನ ಸಾರನ್ನು ತೆಳ್ಳಗೆ ಮಾಡಿ ಮೆತ್ತನೆಯ ಅನ್ನಕ್ಕೆ ಕಲಸಿಕೊಡಿ. ಊಟದ ಹೊತ್ತನ್ನೂ ಏಳು ಗಂಟೆಗೆ ತನ್ನಿ, ಒಂಬತ್ತರ ಹೊತ್ತಿಗೆ ಅವರಿಗೆ ಹಸಿವಿಗಿಂತ ಆಯಾಸವೇ ಹೆಚ್ಚಾಗಿರುತ್ತದೆ.

ಒಂದು ಮಾತನ್ನು ಮಾತ್ರ ಅಲಕ್ಷಿಸಬೇಡಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ, ನೀರು ಕುಡಿದಾಗಲೆಲ್ಲ ಗಂಟಲು ಕಟ್ಟಿದಂತಾಗುತ್ತಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ಅದು ಬಾಯಿರುಚಿಯ ಮಾತಲ್ಲ. ನುಂಗಲು ತೊಂದರೆ ಇರುವವರಿಗೆ ತೆಳ್ಳಗಿನ ಸಾರು ಮಂದವಾದ ಗಂಜಿಗಿಂತ ಹೆಚ್ಚು ಅಪಾಯವಾಗಬಹುದು, ಏಕೆಂದರೆ ಅದು ಬೇಗ ಶ್ವಾಸನಾಳದ ಕಡೆಗೆ ಜಾರುತ್ತದೆ. ಹಾಗಿದ್ದಲ್ಲಿ ಮೊದಲು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೂ ಗಂಜಿಯ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಪ್ರಶ್ನೆ: ನಾವು ಜರ್ಮನಿಯಲ್ಲಿದ್ದೇವೆ. ಚಳಿಗಾಲದ ರಾತ್ರಿಗಳಲ್ಲಿ ಮುದ್ದೆ ಸಾರಿನ ನೆನಪಾಗುತ್ತದೆ. ರಾಗಿಹಿಟ್ಟು ಇಲ್ಲಿನ ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ, ಆದರೆ ನಾನು ಮಾಡಿದ ಮುದ್ದೆಯಲ್ಲಿ ಯಾವಾಗಲೂ ಗಂಟು, ಕೆಲವೊಮ್ಮೆ ಹಸಿವಾಸನೆ. ಎಲ್ಲಿ ತಪ್ಪುತ್ತಿದ್ದೇನೆ? (ಮ್ಯೂನಿಕ್‌ನ ಓದುಗರು)

ಉತ್ತರ: ಹಿಟ್ಟು ಹಾಕಿದ ಕೂಡಲೇ ನೀವು ತಿರುವುತ್ತಿದ್ದೀರಿ ಎಂದು ನನ್ನ ಊಹೆ. ಗೋಧಿಯಲ್ಲಿರುವ ಅಂಟಿನ ಗುಣ ರಾಗಿಯಲ್ಲಿಲ್ಲ. ಬಿಸಿನೀರಿನಲ್ಲಿ ಹಿಟ್ಟಿನ ಪಿಷ್ಟ ಉಬ್ಬಿ ಬೆಂದಾಗ ಮಾತ್ರ ಮುದ್ದೆ ಕೂಡಿಕೊಳ್ಳುತ್ತದೆ. ಆದ್ದರಿಂದ ಬೇಯುವುದಕ್ಕೆ ಮೊದಲು ತಿರುವಿದರೆ ಹೊರಗೆ ಬೆಂದ ಪೊರೆ, ಒಳಗೆ ಒಣಹಿಟ್ಟು ಇರುವ ಗಂಟುಗಳಾಗುತ್ತವೆ.

ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಇಬ್ಬರಿಗೆ ಸಾಕಾಗುತ್ತದೆ. ತಳ ದಪ್ಪವಿರುವ ಪಾತ್ರೆಯಲ್ಲಿ, ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ, ಚಿಟಿಕೆ ಉಪ್ಪಿನೊಂದಿಗೆ ಎಸರಿಡಿ. ಎಸರು ಮರಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಗುಡ್ಡೆಯ ನಡುವೆ ತಳದವರೆಗೆ ಒಂದು ತೂತು ಮಾಡಿ, ಉರಿ ತಗ್ಗಿಸಿ ಮುಚ್ಚಿಬಿಡಿ. ಐದಾರು ನಿಮಿಷ ಅದನ್ನು ಮುಟ್ಟಬಾರದು. ಎಸರು ತೂತಿನಿಂದ ಉಕ್ಕಿ ಹಿಟ್ಟನ್ನು ಒಳಗಿನಿಂದ ಬೇಯಿಸುತ್ತದೆ. ಬಳಿಕ ಪಾತ್ರೆಯನ್ನು ಕೆಳಗಿಳಿಸಿ, ಗಟ್ಟಿಯಾಗಿ ಹಿಡಿದುಕೊಂಡು, ಅಂಚಿಗೆ ಒತ್ತಿ ಒತ್ತಿ ತಿರುವಿ, ಮತ್ತೆ ಎರಡು ನಿಮಿಷ ಸಣ್ಣ ಉರಿಯಲ್ಲಿ ಹಬೆಗೆ ಬಿಡಿ. ನಿಮ್ಮ ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಆರಿಸಿದ ಮೇಲೂ ಬಿಸಿಯಾಗಿಯೇ ಇರುವುದರಿಂದ, ಈ ಕೊನೆಯ ಹಬೆಗೆ ಒಲೆ ಆರಿಸಿದ ಶಾಖವೇ ಸಾಕು. ಒದ್ದೆ ಬೆರಳು ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ ಎಂದರ್ಥ. ಮುದ್ದೆಕೋಲು ಇಲ್ಲದಿದ್ದರೆ ಲಟ್ಟಣಿಗೆಯ ಹಿಡಿಯೂ ಆದೀತು, ಚಮಚದಿಂದ ಮಾತ್ರ ಆಗದು.

ಸಾರಿಗೆ ದಂಟಿನ ಸೊಪ್ಪು ಸಿಗುವುದಿಲ್ಲವೆಂದು ಕೊರಗಬೇಡಿ. ಅಲ್ಲಿ ಮಾಂಗೋಲ್ಡ್ ಎಂದು ಮಾರುವ ಸೊಪ್ಪು ಬೀಟ್‌ರೂಟಿನ ಬಳಗದ್ದು, ಅದರ ದಂಟು ಎಲೆ ಎರಡೂ ಬಸ್ಸಾರಿಗೆ ಬಹಳ ಚೆನ್ನಾಗಿ ಒಗ್ಗುತ್ತವೆ. ಹಸಿ ತೆಂಗಿನಕಾಯಿಯ ಬದಲು ಹೆಪ್ಪುಗಟ್ಟಿಸಿದ ತುರಿ ಬಳಸಿ. ದೂರದ ದೇಶದಲ್ಲಿ ರಾಗಿಯನ್ನು ಹುಡುಕುವಾಗ ಇದನ್ನೂ ನೆನೆಯಿರಿ: ರಾಗಿಯ ಮೂಲವೇ ಪೂರ್ವ ಆಫ್ರಿಕಾದ ಎತ್ತರದ ನೆಲ. ಇಲ್ಲಿನ ತಳಿಗಳನ್ನು ಆಫ್ರಿಕಾದ ತಳಿಗಳೊಂದಿಗೆ ಕೂಡಿಸಿ, ಎರಡೂ ನೆಲಗಳ ಹೆಸರು ಸೇರಿದ ‘ಇಂಡಾಫ್’ ತಳಿಗಳನ್ನು ಕೊಟ್ಟು ನಮ್ಮ ರೈತರ ರಾಗಿ ಇಳುವರಿಯನ್ನು ಹೆಚ್ಚಿಸಿದವರು ಮಂಡ್ಯದಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು, ಜನ ಅವರನ್ನು ‘ರಾಗಿ ಬ್ರಹ್ಮ’ ಎಂದೇ ಕರೆದರು. ಮುದ್ದೆ ಹಿಂದೆಯೂ ಕಡಲು ದಾಟಿದ ಧಾನ್ಯದ್ದೇ.

ಪ್ರಶ್ನೆ: ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವುದು ನಮ್ಮ ರೂಢಿ. ಹಳೆಯ ಅನ್ನ ವಿಷವೆಂದು ಮಗಳು ವಾದಿಸುತ್ತಾಳೆ. ಯಾರದು ಸರಿ? (ಹಾಸನದ ಓದುಗರು)

ಉತ್ತರ: ಇಬ್ಬರದೂ ಸರಿ, ಅನ್ನ ರಾತ್ರಿ ಎಲ್ಲಿ ಕಳೆಯಿತು ಎಂಬುದರ ಮೇಲೆ ಉತ್ತರ ನಿಂತಿದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಅಡುಗೆಯ ಕುದಿತಕ್ಕೂ ಸಾಯದೆ ಉಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಹೊರಗಿದ್ದರೆ ಅವು ಬೆಳೆದು ವಿಷವನ್ನು ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಬಳಸಿ ಮುಗಿಸಿ. ಕುಕ್ಕರಿನಲ್ಲಿಯೇ ಮುಚ್ಚಿಟ್ಟು ಬೆಳಗು ಮಾಡಿದ ಅನ್ನವನ್ನು ಬಳಸಬೇಡಿ, ಈ ವಿಷಯದಲ್ಲಿ ಮಗಳ ಮಾತನ್ನು ಕೇಳಿ.

ಫ್ರಿಜ್ಜಿನ ಅನ್ನ ಚಿತ್ರಾನ್ನಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಅಗುಳು ಬಿಡಿಬಿಡಿಯಾಗಿ ಕಲಸಲು ಬರುತ್ತದೆ. ಕಡಲೆಬೇಳೆ, ಉದ್ದಿನಬೇಳೆ, ಶೇಂಗಾ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಅರಿಸಿನ ಹಾಕಿ, ಅನ್ನವನ್ನು ಹಬೆಯಾಡುವಷ್ಟು ಬಿಸಿ ಮಾಡಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಉರಿಯ ಮೇಲೆ ಹಿಂಡಿದ ನಿಂಬೆ ಕಹಿಯಾಗುತ್ತದೆ.

ಪ್ರಶ್ನೆ: ಮನೆಯಲ್ಲಿ ಮಾಡಿದ ಸಾರಿನ ಪುಡಿ ತಿಂಗಳೊಪ್ಪತ್ತಿನಲ್ಲಿ ಘಮ ಕಳೆದುಕೊಳ್ಳುತ್ತದೆ. ಕಾರಣವೇನು? (ಕಡೂರಿನ ಓದುಗರು)

ಉತ್ತರ: ಬಹುಶಃ ಎಲ್ಲವನ್ನೂ ಒಟ್ಟಿಗೆ ಹುರಿಯುತ್ತಿದ್ದೀರಿ, ಬಿಸಿಯಾಗಿರುವಾಗಲೇ ಡಬ್ಬಿಗೆ ತುಂಬುತ್ತಿದ್ದೀರಿ. ಮೆಂತ್ಯ ಕೆಂಪಾಗುವ ಹೊತ್ತಿಗೆ ಜೀರಿಗೆ ಸುಟ್ಟಿರುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಕಾಲು ಕಿಲೋ ಕೊತ್ತಂಬರಿ ಬೀಜಕ್ಕೆ 200 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, 50 ಗ್ರಾಂ ಜೀರಿಗೆ, 25 ಗ್ರಾಂ ಕಾಳುಮೆಣಸು, 2 ಚಮಚ ಮೆಂತ್ಯ, ಒಂದು ಹಿಡಿ ಕರಿಬೇವು, ಸ್ವಲ್ಪ ಇಂಗು ನನ್ನ ಅಳತೆ. ಬ್ಯಾಡಗಿಯದು ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ಬೇಕೆನ್ನುವವರು ಅದರಲ್ಲಿ ನಾಲ್ಕನೆಯ ಒಂದು ಭಾಗವನ್ನು ಗುಂಟೂರಿಗೆ ಬದಲಿಸಬಹುದು. ಹುರಿದದ್ದು ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಪುಡಿ ಮತ್ತೊಮ್ಮೆ ಆರಿದ ಮೇಲೆ ಗಾಜಿನ ಜಾಡಿಗೆ ತುಂಬಿ, ಒಲೆಯ ಪಕ್ಕದ ಗೂಡಿನಲ್ಲಿಡದೆ ತಂಪಾದ ಕತ್ತಲೆಯ ಜಾಗದಲ್ಲಿಡಿ. ದಿನದ ಬಳಕೆಗೆ ಒಂದು ವಾರಕ್ಕಾಗುವಷ್ಟನ್ನು ಮಾತ್ರ ಚಿಕ್ಕ ಡಬ್ಬಿಗೆ ತೆಗೆದುಕೊಳ್ಳಿ, ಮತ್ತು ಕುದಿಯುವ ಸಾರಿನ ಮೇಲೆ ಹಿಡಿದ ಚಮಚವನ್ನು ಜಾಡಿಯೊಳಗೆ ಎಂದಿಗೂ ಹಾಕಬೇಡಿ.